ಎರಡನೇ ತುತ್ತು

ಮೀನಿನ ಎರಡನೇ ತುತ್ತು ವೆಲ್ಮಾಳ ಗಂಟಲಿನಲ್ಲಿ ಇಳಿಯಲಿಲ್ಲ.

ಮೊದಲು ತುಟಿ ಜುಮ್ಮೆಂದಿತು. ಆಮೇಲೆ ನಾಲಿಗೆ ದಪ್ಪವಾಯಿತು. ಅಯ್ಯೋ, ಇದು ಅದೇ, ಸಿಗಡಿಯ ಅಲರ್ಜಿ! ಎಂದು ಅವಳಿಗೆ ಹೊಳೆಯುವ ಹೊತ್ತಿಗೆ ಉಸಿರು ಸುಂಯ್‌ಗುಟ್ಟತೊಡಗಿತ್ತು. ಎಪ್ಪತ್ತರ ಹೆಂಗಸು ಎರಡೂ ಕೈಯಿಂದ ಮೇಜು ಬಡಿದಳು. ಬ್ರಾಂಡಿಯ ಗ್ಲಾಸು ಉರುಳಿ ಬಿತ್ತು.

"ಸಿಗಡಿ! ಅಕ್ಕನ ಮೀನಿಗೆ ಸಿಗಡಿ ಸೋಕಿದೆ!" ಪಕ್ಕದಲ್ಲಿ ಕೂತಿದ್ದ ತಂಗಿ ಇಂಗಾ ಚೀರಿದಳು. ಅಕ್ಕನ ಕೈಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಕನ್ನಡಕ, ಬಾಚಣಿಗೆ, ಕರವಸ್ತ್ರ— "ಅಲರ್ಜಿಯ ಇಂಜೆಕ್ಷನ್ ಪೆನ್ ಇಲ್ಲ! ಯಾವಾಗ್ಲೂ ಇಲ್ಲೇ ಇರುತ್ತೆ! ಎಲ್ಲಿ ಹೋಯ್ತು?"

ಎದುರಿಗಿದ್ದ ವೆಂಡೆಲ್ ಎದ್ದವನು ಎದ್ದಂತೆಯೇ ನಿಂತುಬಿಟ್ಟಿದ್ದ.

ಬಾರಿನ ತುದಿಯಲ್ಲಿ ಒಬ್ಬಳೇ ಊಟಕ್ಕೆ ಕೂತಿದ್ದವಳು ಡಾರ್ಸಿ, ಕೌಂಟಿ ಪೊಲೀಸಿನ ತನಿಖಾಧಿಕಾರಿ. ಅವಳು ಕೋಟನ್ನೂ ಹಾಕಿಕೊಳ್ಳದೆ ಹಿಮದಲ್ಲಿ ಓಡಿ, ಜೀಪಿನಿಂದ ತುರ್ತು ಪೆಟ್ಟಿಗೆ ತಂದಳು. ಬಟ್ಟೆಯ ಮೇಲಿಂದಲೇ ವೆಲ್ಮಾಳ ತೊಡೆಗೆ ಸೂಜಿ ಚುಚ್ಚಿದಳು. ಕೊನೆಗೆ ವೆಲ್ಮಾಳ ಎದೆಯೊಳಕ್ಕೆ ಒಂದು ಉಸಿರು ಹೋಯಿತು. ಅದರ ಹಿಂದೆ ಇನ್ನೊಂದು.

ಹೋದ ಜೀವ ಬಂತು. ದನಿ ಮಾತ್ರ ಬರಲಿಲ್ಲ.

ಅವಳನ್ನು ಗೋಡೆಯ ಪಕ್ಕದ ಉದ್ದ ಬೆಂಚಿನ ಮೇಲೆ ಒರಗಿಸಿದರು. ಇಂಗಾ ಅವಳ ಕೈ ಹಿಡಿದು ಕೂತಳು. ಹೊರಗೆ ವಿಸ್ಕಾನ್ಸಿನ್ನಿನ ಜನವರಿ. ಹೆದ್ದಾರಿಯ ತುಂಬ ಹಿಮ. ಆಂಬುಲೆನ್ಸು ಹಿಮ ತಳ್ಳುವ ಗಾಡಿಯ ಹಿಂದೆ ತೆವಳಿಕೊಂಡು ಬರಬೇಕಿತ್ತು.

"ಅರ್ಧ ಗಂಟೆಯಾದ್ರೂ ಆಗುತ್ತಂತೆ," ಡಾರ್ಸಿ ಫೋನಿಟ್ಟು ಹೇಳಿದಳು. "ಔಷಧಿ ಇಳಿದ್ರೆ ಇದು ತಿರುಗಿ ಬರಬಹುದು. ನನ್ನ ಹತ್ರ ಇದ್ದದ್ದು ಅದೊಂದೇ. ನನ್ನ ಕೇಳದೆ ಯಾರೂ ಇವರಿಗೆ ಒಂದು ಹನಿ ನೀರೂ ಕೊಡಬಾರದು. ಯಾರೂ ಹೊರಗೂ ಹೋಗಬಾರದು."

"ಯಾಕೆ?" ವೆಂಡೆಲ್ ಕೇಳಿದ. "ಅಡುಗೆಮನೆಯ ಅಚಾತುರ್ಯ ಅಲ್ವಾ ಇದು?"

"ಅಚಾತುರ್ಯಕ್ಕೆ ಕೈಚೀಲದಿಂದ ಪೆನ್ ಕದಿಯೋಕೆ ಬರುತ್ತಾ, ವೆಂಡೆಲ್?"

ವೆಲ್ಮಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಂದರೆ ಯಾರೋ ಬೇಕೆಂದೇ ಮಾಡಿದ್ದು! ಯಾರೋ ಇಲ್ಲೇ ಇರುವವರು! ಚೀರೋಣವೆಂದರೆ ಗಂಟಲಿಂದ ಗಾಳಿ ಬಿಟ್ಟರೆ ಏನೂ ಬರುತ್ತಿಲ್ಲ. ಅವಳು ತಂಗಿಯ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಅಡುಗೆಮನೆಯಿಂದ ಮಾಲೀಕ ಡುವೇನ ಏಪ್ರನ್ನಿಗೆ ಕೈ ಒರೆಸುತ್ತ ಬಂದ. ಸಪ್ಪರ್ ಕ್ಲಬ್ಬೆಂದು ಕರೆಯುವ ಈ ಹೆದ್ದಾರಿ ಹೋಟೆಲಿನ ಬಾಣಸಿಗನೂ ಅವನೇ. ಮುಖ ಬಿಳುಚಿಕೊಂಡಿತ್ತು.

"ಡಾರ್ಸಿ, ನಮ್ಮಮ್ಮನಾಣೆ, ವೆಲ್ಮಾಳ ಮೀನು ಬೇರೆ ಬಾಣಲೇಲಿ, ಬೇರೆ ಎಣ್ಣೇಲಿ ಕರಿದಿದ್ದು. ಇಷ್ಟು ವರ್ಷದಿಂದ ಮಾಡ್ತಿದೀನಿ. ಇವತ್ತು ನನ್ನ ಕೈ ತಪ್ಪುತ್ತಾ?"

"ಹಾಗಾದ್ರೆ ಸಿಗಡಿ ಹಾರಿಕೊಂಡು ಬಂತಾ?" ಇಂಗಾ ಮೈಮೇಲೆ ಹೋದಳು. "ಎಣ್ಣೆ ಯಾವುದು, ಚಾಕು ಯಾವುದು ಅಂತ ಬಾಯಿ ನೋಯೋ ಹಾಗೆ ಕೇಳಿದ್ನಲ್ಲ! ಟ್ರೂಡಿ, ನೀನೇ ಹೇಳು, ಕೇಳಿದ್ನೋ ಇಲ್ವೋ?"

ಟ್ರೂಡಿ ಡುವೇನನ ಹೆಂಡತಿ. ಬಾರಿನಲ್ಲಿ ಕೂತವರ ಹತ್ತಿರ ಬಂದು ಊಟ ಕೇಳಿ ಬರೆದುಕೊಳ್ಳುವವಳು, ಮೇಜು ಸಿದ್ಧವಾದಾಗ ಹೆಸರು ಹಿಡಿದು ಕರೆಯುವವಳು.

"ಕೇಳಿದಳಪ್ಪಾ," ಎಂದಳು ಟ್ರೂಡಿ. "ಎಣ್ಣೆ, ಚಾಕು, ಸಾಲಡ್ಡಿನ ಡ್ರೆಸ್ಸಿಂಗು, ಬ್ರೆಡ್ಡಿನ ಬೆಣ್ಣೆ, ಆಲೂಗೆಡ್ಡೆ ಎಲ್ಲಿ ಬೇಯಿಸಿದ್ದು... ಒಂದೂ ಬಿಡಲಿಲ್ಲ. ಇಡೀ ಬಾರು ಕೇಳಿಸಿಕೊಳ್ತು. ಪಾಪ, ವೆಲ್ಮಾಗೇ ನಾಚಿಕೆ ಆಗಿತ್ತು."

ನಾಚಿಕೆಯಾಗಿದ್ದು ನಿಜ. ಚಿಕ್ಕಂದಿನಿಂದಲೂ ಇಂಗಾ ಹೀಗೇ. ಹೋಟೆಲಿಗೆ ಹೋದರೆ ಅಕ್ಕ ಬಾಯಿ ಬಿಡುವ ಮೊದಲು ತಂಗಿ ಅಡುಗೆಯವರ ಜಾತಕ ಕೇಳಿರುತ್ತಿದ್ದಳು. ಇವತ್ತು ವೆಲ್ಮಾಗೆ ಮೀನು ಪರ್ಚ್ ಇರಲೋ ವಾಲೈ ಇರಲೋ ಎಂದು ತೀರ್ಮಾನಿಸುವುದಕ್ಕೇ ಒಂದು ಗ್ಲಾಸು ಬ್ರಾಂಡಿ ಮುಗಿದಿತ್ತು. ಅಷ್ಟರಲ್ಲಿ ವೆಂಡೆಲ್ ಒಂದು ಬುಟ್ಟಿ ಕರಿದ ಸಿಗಡಿ ಹೇಳಿಬಿಟ್ಟಿದ್ದ.

"ಯಾರಾದ್ರೂ ಹಾಗೆ ಹೇಳ್ತಾರಾ?" ಇಂಗಾ ಈಗ ಅವನತ್ತ ತಿರುಗಿದಳು. "ಮದುವೆ ಆಗೋ ಹೆಂಗಸಿಗೆ ಸಿಗಡಿ ಅಂದ್ರೆ ವಿಷ ಅಂತ ಗೊತ್ತಿದ್ದೂ!"

"ಮರೆತೆ ಮಾರಾಯ್ತಿ! ನೀನು ಬೈದ ಕೂಡಲೇ ಕೋಳಿ ಅಂತ ಬದಲಾಯಿಸಲಿಲ್ವಾ?"

"ಎಷ್ಟು ಸಲೀಸಾಗಿ ಮರೀತೀಯಪ್ಪ ನೀನು!"

ವೆಂಡೆಲ್ ಹೆಂಡತಿ ತೀರಿಕೊಂಡ ಬಡಗಿ. ಹೋದ ಬೇಸಿಗೆಯಲ್ಲಿ ವೆಲ್ಮಾಳ ಮನೆಯ ಮರದ ಜಗುಲಿ ರಿಪೇರಿಗೆ ಬಂದವನು ಅವಳ ಮನಸ್ಸಿಗೇ ಬಂದುಬಿಟ್ಟಿದ್ದ. ಈಸ್ಟರ್ ಕಳೆದ ಮೇಲೆ ಮದುವೆ, ಆಮೇಲೆ ಇಬ್ಬರೂ ಅರಿಜೋನಾಕ್ಕೆ. ಅಕ್ಕತಂಗಿಯರಿಬ್ಬರೂ ಇದ್ದ ಕೆರೆಯಂಚಿನ ಮನೆಯ ಮುಂದೆ ಆಗಲೇ ಮಾರಾಟದ ಫಲಕ ನೆಟ್ಟಾಗಿತ್ತು. ಊರಿನವರು ಮುಸಿಮುಸಿ ನಕ್ಕಿದ್ದರು. ವೆಲ್ಮಾ ಕ್ಯಾರೇ ಅಂದಿರಲಿಲ್ಲ. ಈಗ ಅವಳ ಕಣ್ಣು ಅವನ ದೊಡ್ಡ ಕೈಗಳ ಮೇಲೆಯೇ ನೆಟ್ಟಿತ್ತು. ಈ ಮನುಷ್ಯನ ಬಗ್ಗೆ ತನಗೆ ಗೊತ್ತಿರುವುದಾದರೂ ಏನು?

"ಟ್ರೂಡಿ, ಎಲ್ಲರ ಕೋಟುಗಳನ್ನೂ ತಗೊಂಡು ಬಾ," ಡಾರ್ಸಿ ಹೇಳಿದಳು.

ಕೋಟುಗಳು ಬಂದವು. ಡಾರ್ಸಿ ಒಂದೊಂದೇ ಜೇಬಿಗೆ ಕೈ ಹಾಕಿದಳು. ವೆಂಡೆಲನ ಒದ್ದೆ ಕೋಟಿನ ಒಳಜೇಬಿನಿಂದ ಹೊರಬಂದದ್ದು ವೆಲ್ಮಾಳ ಇಂಜೆಕ್ಷನ್ ಪೆನ್.

"ನಾನು ಹೇಳಲಿಲ್ವಾ ಅಕ್ಕಾ!" ಇಂಗಾ ಅತ್ತೇಬಿಟ್ಟಳು. "ಮೊದಲ ದಿನವೇ ಹೇಳಲಿಲ್ವಾ!"

ವೆಲ್ಮಾ ಆ ಪೆನ್ನನ್ನೇ ನೋಡಿದಳು. ಇವನ ಜೊತೆ ಸಾವಿರಾರು ಮೈಲಿ ಕಾರಿನಲ್ಲಿ ಹೋಗುವವಳಿದ್ದೆ. ದಾರಿಯುದ್ದಕ್ಕೂ ಇವನು ಕೊಟ್ಟದ್ದನ್ನು ತಿನ್ನುವವಳಿದ್ದೆ. ವೆಂಡೆಲ್ ಒಂದು ಹೆಜ್ಜೆ ಮುಂದೆ ಬಂದ. ಅವಳು ಬೆಂಚಿನ ಮೇಲೆ ಹಿಂದಕ್ಕೆ ಸರಿದು ತಂಗಿಯ ಹೆಗಲಿಗೆ ಮುಖ ಮರೆಸಿಕೊಂಡಳು.

"ವೆಲ್ಮಾ, ನನ್ನ ಕಂಡು ಹೆದರ್ತೀಯಾ?" ವೆಂಡೆಲ್ ಕೇಳಿದ. "ಅದು ನನ್ನ ಜೇಬಿಗೆ ಹೇಗೆ ಬಂತೋ ದೇವರಿಗೇ ಗೊತ್ತು!"

"ಅಲ್ಲೇ ನಿಲ್ಲು," ಎಂದಳು ಡಾರ್ಸಿ. ಆಮೇಲೆ ಟ್ರೂಡಿಯನ್ನು ಕೇಳಿದಳು: "ಬಾರಿನಲ್ಲಿ ಇವರು ಹೇಗೆ ಕೂತಿದ್ರು?"

"ವೆಲ್ಮಾ, ಪಕ್ಕದಲ್ಲಿ ಇಂಗಾ, ಆಮೇಲೆ ವೆಂಡೆಲ್. ಅವನು ತಡವಾಗಿ ಬಂದ."

"ಮೇಜು? ವೆಲ್ಮಾ ಯಾವಾಗ್ಲೂ ಕಿಟಕಿ ಹತ್ರ ಕೂರೋರಲ್ವಾ?"

"ಹೌದು, ಅದು ಖಾಲೀನೂ ಇತ್ತು. ಅಲ್ಲಿ ಥಂಡಿ, ಅಕ್ಕನ ಮಂಡಿ ಹಿಡಿಯುತ್ತೆ, ಈ ಮೂಲೇನೇ ಕೊಡು ಅಂದಳು ಇಂಗಾ. ಸರಿ ಅಂತ ಇಲ್ಲಿ ತಟ್ಟೆ ಜೋಡಿಸಿದೆ."

"ಥಂಡಿ ಅನ್ನೋದು ತಪ್ಪಾ?" ಇಂಗಾ ಸಿಡುಕಿದಳು. "ಪೆನ್ ಸಿಕ್ಕಿದ್ದು ಅವನ ಜೇಬಲ್ಲಿ. ವಿಚಾರಣೆ ನನ್ನದಾ?"

ಡಾರ್ಸಿ ಮೂಲೆಯ ಮೇಜಿನ ತಟ್ಟೆ ಬಟ್ಟಲುಗಳನ್ನೆಲ್ಲ ಎತ್ತಿಕೊಂಡಳು. ಡುವೇನನನ್ನು ಕರೆದುಕೊಂಡು ಅಡುಗೆಮನೆಗೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲೊಂದು ದೊಡ್ಡ ತಟ್ಟೆ. ಅದರಲ್ಲಿ ಒಂದು ತುಂಡು ಮೀನು, ಸ್ವಲ್ಪ ಸಾಲಡ್, ಮೂಲಂಗಿ, ಬಿಸ್ಕತ್ತು, ಮೆತ್ತನೆಯ ಚೀಸಿನ ಪುಟ್ಟ ಬಟ್ಟಲು. ಮೂಲೆಯ ಮೇಜಿನ ಮೇಲೆ ಇದ್ದದ್ದೆಲ್ಲ ಅದರಲ್ಲಿತ್ತು.

"ಯಾವುದರಲ್ಲಿ ಸಿಗಡಿ ಇತ್ತು ಅಂತ ಈಗಲೇ ಗೊತ್ತಾಗಬೇಕು," ಎಂದಳು. "ವೆಲ್ಮಾ, ಒಂದೊಂದನ್ನೇ ತುಟಿಗೆ ಸೋಕಿಸ್ತೀನಿ. ಉರಿ ಬಂದ್ರೆ ಕಣ್ಣು ಮುಚ್ಚಿ."

ಸೋಕಿಸುವುದೇ? ಮತ್ತೆ? ವೆಲ್ಮಾ ಬೇಡ ಬೇಡವೆಂದು ತಲೆ ಅಲ್ಲಾಡಿಸಿದಳು. ಡಾರ್ಸಿ ಬಗ್ಗಿ ಅವಳ ಮೊಣಕೈಯನ್ನು ಒಂದು ಸಲ ಮೆತ್ತಗೆ ಒತ್ತಿದಳು. ಅದರ ಅರ್ಥ ವೆಲ್ಮಾಗೆ ತಿಳಿಯಲಿಲ್ಲ.

ಫೋರ್ಕಿನ ತುದಿಯಲ್ಲಿ ಮೀನಿನ ಚೂರು ಮೇಲೆದ್ದಿತು. ಹತ್ತಿರ ಬಂತು. ಇನ್ನೂ ಹತ್ತಿರ—

"ಹುಚ್ಚು ಹಿಡಿದಿದೆಯೇನೇ ನಿನಗೆ!" ವೆಂಡೆಲ್ ಅಬ್ಬರಿಸಿದ. "ಸಾಯಿಸ್ತೀಯಾ ಅವಳನ್ನ? ತೆಗಿ ಅತ್ಲಾಗೆ!"

ಡುವೇನ ಅವನ ತೋಳು ಹಿಡಿದುಕೊಂಡ. ಮೀನು ತುಟಿಯ ಹತ್ತಿರ ನಿಂತಿತು. ಇಂಗಾ ಸುಮ್ಮನೆ ಕೂತಿದ್ದಳು.

"ಇದು ಆಮೇಲೆ ನೋಡೋಣ," ಎಂದು ಡಾರ್ಸಿ ಫೋರ್ಕು ಕೆಳಗಿಟ್ಟಳು. ಬಿಸ್ಕತ್ತೊಂದನ್ನು ಚೀಸಿನಲ್ಲಿ ಅದ್ದಿ ವೆಲ್ಮಾಳ ಬಾಯಿಯತ್ತ ಚಾಚಿದಳು. ಬೇಡವೆನ್ನಲು ವೆಲ್ಮಾ ಬಾಯಿ ತೆರೆದಳು.

ಫಟ್!

ಬಿಸ್ಕತ್ತು ಹಾರಿ ಗೋಡೆಗೆ ಬಡಿಯಿತು. ತಟ್ಟಿದ ಕೈ ಇಂಗಾಳದು. ಆ ಕೈಯನ್ನು ಅವಳೇ ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು.

"ಯಾಕೆ ಇಂಗಾ?" ಡಾರ್ಸಿ ಮೆಲ್ಲಗೆ ಕೇಳಿದಳು. "ಮೀನಿನಲ್ಲಿ ಸಿಗಡಿ ಇದೆ ಅಂತ ಮೊದಲು ಕೂಗಿದವಳು ನೀನು. ಅದೇ ಮೀನು ಅಕ್ಕನ ತುಟಿ ತನಕ ಹೋದಾಗ ವೆಂಡೆಲ್ ಕೂಗಾಡಿದ, ನೀನು ಮಿಸುಕಲಿಲ್ಲ. ಚೀಸ್ ಬಂದ ಕೂಡಲೇ ತಟ್ಟಿಹಾಕಿದೆ. ಮೀನಿನಲ್ಲಿ ಏನೂ ಇಲ್ಲ ಅಂತ ನಿನಗೆ ಹೇಗೆ ಗೊತ್ತು?"

"ನಾನು... ನಾನು ಸುಮ್ಮನೆ..."

"ಹೆದರಬೇಡಿ ವೆಲ್ಮಾ, ಇದೆಲ್ಲ ಈಗಷ್ಟೇ ಒಳಗಿಂದ ತಂದದ್ದು, ಶುದ್ಧವಾಗಿದೆ. ಯಾವುದನ್ನೂ ಸೋಕಿಸೋ ಉದ್ದೇಶ ನನಗಿರಲಿಲ್ಲ. ಮೂಲೆ ಮೇಜಿನ ಬಟ್ಟಲು ಭದ್ರವಾಗಿ ಕಟ್ಟಿಟ್ಟಿದೀನಿ, ಪ್ರಯೋಗಾಲಯಕ್ಕೆ ಹೋಗುತ್ತೆ." ಡಾರ್ಸಿ ನೆಟ್ಟಗೆ ನಿಂತಳು. "ನಾವೆಲ್ಲ ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ವಿ. ಯಾರು ಯಾವ ಊಟ ಹೇಳಿದ್ರು, ಅದನ್ನ ಹೇಗೆ ಬೇಯಿಸಿದ್ರು ಅನ್ನೋದೊಂದೇ ನಮ್ಮ ತಲೇಲಿತ್ತು. ಈ ಚೀಸನ್ನ ಯಾರೂ ಹೇಳಿ ತರಿಸೋದಿಲ್ಲ. ಜನ ಬಂದು ಕೂರೋ ಮೊದಲೇ ಮೇಜಿನ ಮೇಲಿರುತ್ತೆ. ಮೂರೂ ಜನ ಅದರಲ್ಲೇ ಅದ್ದಿ ತಿಂದ್ರು, ಇಬ್ಬರಿಗೆ ಏನೂ ಆಗಲಿಲ್ಲ. ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಒಣಸಿಗಡಿ ಪುಡಿ ಇರಬೇಕು, ಉಳಿದಿಬ್ಬರಿಗೆ ಅದು ಬರೀ ಉಪ್ಪುಪ್ಪು ಅಷ್ಟೇ."

"ಟ್ರೂಡಿಯನ್ನ ಬೆಣ್ಣೆ ತನಕ ಕೇಳಿದಳಲ್ಲ!" ಡುವೇನನ ಬಾಯಿ ತೆರೆದೇ ಇತ್ತು.

"ಬೆಣ್ಣೆ ಕೇಳಿದಳು, ಎಣ್ಣೆ ಕೇಳಿದಳು, ಚಾಕು ಕೇಳಿದಳು. ಚೀಸ್ ಒಂದನ್ನ ಬಿಟ್ಟಳು. ಅಷ್ಟು ಜೋರಾಗಿ ಕೇಳಿದ್ದು ತಪ್ಪು ನಿನ್ನ ಬಾಣಲೆ ಮೇಲೆ ಬರಲಿ ಅಂತ. ಕಿಟಕಿ ಮೇಜು ಬಾರಿಗೆ ನೇರ ಕಾಣುತ್ತೆ. ಈ ಮೂಲೆ ಕಾಣೋದಿಲ್ಲ, ಕೋಟು ಹಾಕೋ ಓಣಿ ಇದರ ಪಕ್ಕದಲ್ಲೇ. ಹೋಗ್ತಾ ಬರ್ತಾ ಬಟ್ಟಲಿಗೆ ಪುಡಿ ಬೆರೆಸಿದ್ರೆ ಯಾರಿಗೂ ಕಾಣಲ್ಲ. ಮೂವರ ಕೋಟನ್ನೂ ನೇತುಹಾಕೋಕೆ ತಂದವರು ಯಾರು, ವೆಂಡೆಲ್?"

"ಇಂಗಾನೇ," ವೆಂಡೆಲ್ ನಿಧಾನವಾಗಿ ಹೇಳಿದ. "ಕೊಡು, ಒದ್ದೆಯಾಗಿದೆ ಅಂತ ನನ್ನ ಮೈಮೇಲಿಂದ ತಾನೇ ಬಿಡಿಸಿಕೊಂಡಳು."

"ಕೈಚೀಲ ಅವಳ ಪಕ್ಕದಲ್ಲಿತ್ತು. ನಿನಗೂ ವೆಲ್ಮಾಗೂ ನಡುವೆ ಅವಳೇ ಕೂತಿದ್ದಳು. ಪೆನ್ ನಿನ್ನ ಜೇಬಿಗೆ ಬಂದ ದಾರಿ ಅದು. ಅಕ್ಕನೂ ಹೋಗಬೇಕು, ಭಾವನಾಗೋನೂ ಜೈಲಿಗೆ ಹೋಗಬೇಕು. ಬೇಲಿಯೇ ಎದ್ದು ಹೊಲ ಮೇಯ್ತು, ಅಷ್ಟೇ."

ವೆಲ್ಮಾ ಕೆಳಗೆ ನೋಡಿದಳು. ಅವಳ ಎಡಗೈ ಇನ್ನೂ ಇಂಗಾಳ ಕೈಯೊಳಗೇ ಇತ್ತು. ಇಷ್ಟು ಹೊತ್ತೂ ಧೈರ್ಯಕ್ಕೆಂದು ಅಪ್ಪಿಕೊಂಡದ್ದು ಇವಳನ್ನೇ! ಅವಳು ಕೈ ಎಳೆದುಕೊಂಡಳು.

"ಫಲಕ ನೆಟ್ಟ ದಿನ ನೀನು ನನ್ನ ಏನಾದ್ರೂ ಕೇಳಿದೆಯಾ ಅಕ್ಕಾ?" ಇಂಗಾಳ ದನಿಯಲ್ಲಿ ಈಗ ಅಳುವಿರಲಿಲ್ಲ. "ನಾನು ಹುಟ್ಟಿದ ಮನೆ ಅದು. ನಿನ್ನ ತಟ್ಟೆ ಕಾಯ್ತಾ ಕಾಯ್ತಾ ನನಗೆ ಅರವತ್ತಾರಾಯ್ತು. ನಾವು ಹೋಗ್ತೀವಿ ಅಂದೆ. ನೀನೆಲ್ಲಿ ಹೋಗ್ತೀಯೆ ಅನ್ನೋ ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ."

ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿತು. ಡಾರ್ಸಿ ಇಂಗಾಳ ತೋಳು ಹಿಡಿದು ಎಬ್ಬಿಸಿದಳು. ವೆಂಡೆಲ್ ತನ್ನ ಕೋಟನ್ನು ವೆಲ್ಮಾಳ ಮೇಲೆ ಹೊದಿಸಲು ಬಂದ. ಅವಳು ಬೆಚ್ಚಿಬಿದ್ದಳು. ಆಮೇಲೆ ನಾಚಿ, ಹೊದಿಸಿಕೊಂಡಳು. ಭಯ ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಇಂಗಾ ಬಾಗಿಲ ಹತ್ತಿರ ತಲುಪಿದಾಗ ವೆಲ್ಮಾಳ ಗಂಟಲಿನಿಂದ ಗೊಗ್ಗರು ದನಿಯೊಂದು ಹೊರಟಿತು. ಅಷ್ಟು ಹೊತ್ತಿನ ಮೇಲೆ ಅವಳಾಡಿದ ಮೊದಲ ಮಾತು ಅದು.

"ಯಾಕೆ ತಟ್ಟಿಹಾಕಿದೆ?"

ಇಂಗಾ ನಿಂತಳು.

"ಗೊತ್ತಿಲ್ಲ ಅಕ್ಕಾ," ಎಂದಳು. "ನೀನು ಬಾಯಿ ತೆಗೆದೆ. ಕೈ ತಾನಾಗೇ ಬಂತು."