ಪಡಸಾಲೆಯ ಫೋನು

ಧೀರೇಂದ್ರ ನಮ್ಮ ಇಂಗಳೇಶ್ವರಕ್ಕೆ ಬಂದದ್ದು ತೊಂಬತ್ತೈದರ ಬೇಸಿಗೆಯಲ್ಲಿ, ಊರಿಗೊಂದು ಫೋನು ಬಂದರೆ ಯಾರು ಬಳಸುತ್ತೀರಿ ಎಂದು ಮನೆಮನೆ ಕೇಳಲು. ನಮ್ಮ ಜಿಲ್ಲೆಯದೇ ಇಂಡಿ ತಾಲೂಕಿನ ಹುಡುಗ, ದಿಲ್ಲಿಯಲ್ಲಿ ಟೆಲಿಫೋನ್ ನೀತಿ ಬರೆಯುವವರ ಕೈಕೆಳಗೆ ಕೆಲಸ. ಬಿ.ಎ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅವನ ಸಹಾಯಕ್ಕೆ ಕಳಿಸಿದರು.

ಮೊದಲ ಮನೆಯಲ್ಲಿ ಪಡಸಾಲೆಯಲ್ಲೇ ಕೂತು ಪ್ರಶ್ನೆ ಶುರು ಮಾಡಿದ. ಹೆಂಗಸರು ಗೊತ್ತಿಲ್ಲವೆಂದು ಒಳಗೆ ಹೋದರು. ಅವನ ಪೆಚ್ಚು ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ.

"ಹಿರೇರು ಕೂತಲ್ಲಿ ಹೆಣ್ಮಕ್ಕಳು ಮನಸಿನ್ಯಾಗಿಂದು ಹೇಳೂದಿಲ್ರಿ. ಹಿತ್ತಲಕ್ಕ ಬರ್ರಿ."

ಹಿತ್ತಲಲ್ಲಿ ಅದೇ ಹೆಂಗಸರು ಮಾತು ನಿಲ್ಲಿಸಲಿಲ್ಲ. ಇವನು ಬರೆಯುವುದು ಬಿಟ್ಟು ನನ್ನನ್ನು ನೋಡುತ್ತಿದ್ದ. ನಾನು ತಿರುಗಿದರೆ ಪೆನ್ನಿನ ಕ್ಯಾಪು ಹುಡುಕುವ ನಾಟಕ. ಕ್ಯಾಪು ಕಿಸೆಯಲ್ಲೇ ಇತ್ತು. ಊರು ಸುತ್ತಿ ಮುಗಿಸುವಷ್ಟರಲ್ಲಿ ನಾನು ಅವನಿಗೆ ಮನಸ್ಸು ಕೊಟ್ಟುಬಿಟ್ಟಿದ್ದೆ. ಅವರದು ವೈಷ್ಣವ ಮನೆತನ, ನಮ್ಮದು ಲಿಂಗಾಯತ. ಬಸ್ಸು ಹತ್ತುವಾಗ, ನಿಮ್ಮೂರಿನ ಫೋನಿಗೆ ಮೊದಲ ಕರೆ ನನ್ನದೇ, ಅದೂ ನಿಮಗೇ ಎಂದ. ವಿಳಾಸ ಕೇಳುವ ಧೈರ್ಯ ನನಗಾಗಲಿಲ್ಲ.

ಫೋನು ಬಂತು. ಸುರಕ್ಷಿತವಾಗಿರಲಿ, ಊರ ಹಿರಿಯರ ಮನೆಯಲ್ಲಿಡಿ ಎಂದು ವರದಿಯಲ್ಲಿ ಬರೆದವನು ಅವನೇ. ಹಿರಿಯರೆಂದರೆ ನಮ್ಮ ದೊಡ್ಡಪ್ಪ ಬಸಂತರಾಯ. ಕಾಯಿ ಒಡೆದು, ಕುಂಕುಮ ಹಚ್ಚಿ ಪಡಸಾಲೆಯಲ್ಲಿ ಇಟ್ಟರು. ಓಣಿಯೆಲ್ಲ ಸುತ್ತ ಕೂತಿತ್ತು. ಕರೆ ಬಂತು. ದಿಲ್ಲಿಯಿಂದ ಸಾಹೇಬರು ನಿನ್ನನ್ನು ಕೇಳುತ್ತಿದ್ದಾರೆ ಎಂದು ದೊಡ್ಡಪ್ಪ ನನ್ನ ಕೈಗೆ ಕೊಟ್ಟು ಎದುರಿಗೇ ಕೂತರು.

"ಸುನಂದಾ, ನಿಮ್ಮನ್ನ ಮದುವಿ ಆಗಬೇಕಂತ ಅದೀನಿ. ನಿಮ್ಮ ಮನಸಿನ್ಯಾಗ ಏನದ ಹೇಳ್ರಿ."

ದೊಡ್ಡಪ್ಪನ ಕಣ್ಣು ನನ್ನ ಮುಖದ ಮೇಲೇ ಇತ್ತು.

"ಇಲ್ಲಿ ಎಲ್ಲಾ ಬರೋಬರಿ ಐತ್ರಿ. ಮತ್ತ ಫೋನ್ ಮಾಡೂದು ಬ್ಯಾಡ್ರಿ."

ಅವನಿಗೆ ಅರ್ಥವಾಗಿರುತ್ತದೆ, ಬಂದೇ ಬರುತ್ತಾನೆ ಎಂದು ನಂಬಿದ್ದೆ. ಬರಲಿಲ್ಲ. ಕಡೆಗೆ ನನ್ನನ್ನು ಮುದ್ದೇಬಿಹಾಳಕ್ಕೆ ಕೊಟ್ಟರು. ಗಂಡ ಕೆಟ್ಟವನಲ್ಲ. ಅಲ್ಲಿಯೇ ಒಂದು ಹೈಸ್ಕೂಲಿನಲ್ಲಿ ಟೀಚರ್ ಆದೆ.

ಎರಡು ಸಾವಿರದ ಐದರಲ್ಲಿ ನಮ್ಮ ಶಾಲೆಗೆ ಬ್ರಾಡ್‌ಬ್ಯಾಂಡ್ ಬಗ್ಗೆ ಭಾಷಣ ಮಾಡಲು ಬಂದವನು ಧೀರೇಂದ್ರ. ಈಗ ಸರ್ಕಾರಕ್ಕೇ ಸಲಹೆ ಕೊಡುವ ತಜ್ಞ. ಹೆಂಡತಿಯೂ ಜೊತೆಗಿದ್ದಳು. ಪಡಸಾಲೆಯಲ್ಲಿ ಹೆಂಗಸರು ಮನಸ್ಸಿನ ಮಾತು ಹೇಳುವುದಿಲ್ಲ, ನೀತಿ ಬರೆಯುವವರು ಇದನ್ನು ಮರೆಯಬಾರದು ಎಂದ. ಭರ್ಜರಿ ಚಪ್ಪಾಳೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು.

ಭಾಷಣ ಮುಗಿದ ಮೇಲೆ ವರಾಂಡದಲ್ಲಿ ಒಬ್ಬಳೇ ನಿಂತಿದ್ದೆ. ಗುರುತು ಹಿಡಿದು ಬಂದ. ನೀವೇ ಬೇಡ ಅಂದಿರಲ್ಲ ಎಂದ, ಇನ್ನೂ ನೋವು ಆರದವನ ಹಾಗೆ.

"ಆವತ್ತ ನಾ ಪಡಸಾಲ್ಯಾಗ ನಿಂತಿದ್ನಲ್ರಿ, ಸಾಹೇಬ್ರ."

ಅವನ ಮುಖ ಬಿಳಿಚಿಕೊಂಡಿತು. ಹಾಗಾದರೆ ನಿಮ್ಮ ಮನಸ್ಸಿನಲ್ಲಿ ನಾನಿದ್ದೆನೇ ಎಂದು ಮೆಲ್ಲಗೆ ಕೇಳಿದ.

"ಇದ್ರಿ. ನೀವು ಬರ್ತೀರಿ ಅಂತ ಹಾದಿ ಕಾಯ್ಕೋತ ಕುಂತಿದ್ನಿ."

ಅವನ ಕಣ್ಣು ತುಂಬಿದವು. ಒಳಗಿನಿಂದ ಹೆಂಡತಿ ಊಟಕ್ಕೆ ಕರೆದಳು. ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಆಗಲೂ ದಿಲ್ಲಿಯಿಂದ ಸೋಲಾಪುರಕ್ಕೆ ರೈಲಿತ್ತು, ಸೋಲಾಪುರದಿಂದ ಬಸ್ಸಿತ್ತು. ಅಷ್ಟು ಪ್ರೀತಿ ಇದ್ದವನು ಒಮ್ಮೆ ಬಂದು ಕೇಳಬಹುದಿತ್ತು.