ದಮ್ಮಿನ ಗಾಡಿ

ಯುಗಾದಿ ಕಳೆದು ಮೂರು ವಾರವಾಗಿತ್ತು. ಮಟಮಟ ಮಧ್ಯಾಹ್ನ. ಬೆಟಗೇರಿಯ ನೇಕಾರರ ಓಣಿಯಲ್ಲಿ ನಾಯಿಗಳು ಕೂಡ ಗಟಾರದ ತಂಪಿಗೆ ಹೊಟ್ಟೆ ಆನಿಸಿ ಮಲಗಿದ್ದವು. ಆ ಹೊತ್ತಿನಲ್ಲಿ ದ್ಯಾಮಪ್ಪ ಬೋಲ್ಟು ಬಿಚ್ಚುವ ಪಾನಾಗಳ ಚೀಲ ಹೊತ್ತು ನಾರಾಯಣಪ್ಪನ ಹಿತ್ತಲಿಗೆ ಬಂದ. ರಾಣೆಬೆನ್ನೂರಿನವನು. ಮೂವತ್ತಾರು ವರ್ಷ ಬಸ್ಸು-ಲಾರಿಗಳ ಹೊಟ್ಟೆಯಡಿ ಮಲಗಿ ಬೆನ್ನು ಸವೆಸಿಕೊಂಡ ಮಿಸ್ತ್ರಿ. ಇದೊಂದು ಕೆಲಸ ಮುಗಿಸಿ ಕೈ ತೊಳೆದುಕೊಂಡು ಬಿಡುತ್ತೇನೆ ಎಂದು ಮಗಳ ಮನೆಯಲ್ಲಿ ಹೇಳಿ ಬಂದಿದ್ದ.

ಗಾಡಿ ಬೇವಿನ ಗಿಡದ ಕೆಳಗೆ ನಿಂತಿತ್ತು. ಒಂದು ಕಾಲಕ್ಕೆ ಅದು ಸಣ್ಣ ಬಸ್ಸು. ನಾರಾಯಣಪ್ಪ ಬದುಕಿದ್ದಾಗ ಸೀಟು ಕಿತ್ತು, ಎರಡು ಮಂಚ, ಒಂದು ಒಲೆ, ನೀರಿನ ಟಾಕಿ, ಸೀರೆ ಇಡುವ ಕಪಾಟು ಕೂಡಿಸಿ ಅದನ್ನು ಮನೆ ಮಾಡಿದ್ದ. ಹೆಂಡತಿ ಮಕ್ಕಳನ್ನು ಅದರಲ್ಲೇ ಕೂರಿಸಿಕೊಂಡು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸಂತೆಗಳಿಗೆ ಸೀರೆ ಮಾರಲು ಹೋಗುತ್ತಿದ್ದ. ಈಗ ಅವನಿಲ್ಲ. ಹನ್ನೆರಡು ವರ್ಷದಿಂದ ಗಾಡಿ ನಿಂತಲ್ಲೇ ನಿಂತಿದೆ. ಮಗ ಅಜಯಕುಮಾರನಿಗೆ ಅದನ್ನು ಎಬ್ಬಿಸಿ, ಲಕ್ಕುಂಡಿ-ಹಂಪಿ ನೋಡಲು ಬರುವವರಿಗೆ ಬಾಡಿಗೆ ಬಿಡುವ ಆಸೆ.

ದ್ಯಾಮಪ್ಪ ಬಾನೆಟ್ಟಿಗೆ ಕೈ ಹಾಕುವ ಮೊದಲೇ ನಾರಾಯಣಪ್ಪನ ಹೆಂಡತಿ ಅನ್ನವ್ವ ಸೆರಗಿಗೆ ಕೈ ಒರೆಸುತ್ತ ಅಡ್ಡ ಬಂದು ನಿಂತಳು.

"ಮಿಸ್ತ್ರಿಯವ್ರ, ಒಳಗ ಬಣ್ಣ ಹಚ್ರಿ, ಗಾದಿ ಹಾಕ್ರಿ, ಏನ್ ಬೇಕಾದ್ದು ಮಾಡ್ರಿ. ಇಂಜಿನ್ ಮಾತ್ರ ಮುಟ್ಟಬ್ಯಾಡ್ರಿ."

"ಇಂಜಿನ್ ಮುಟ್ಟದ ಗಾಡಿ ಎಬ್ಬಸಾಕ ನಾ ಏನ್ ಸುಪ್ರಭಾತ ಹಾಡ್ಲೇನ್ರಿ ಅಕ್ಕಾರ?"

ಅನ್ನವ್ವ ನಗಲಿಲ್ಲ. "ಅದರಾಗ ನನ್ನ ಮಗಳ ದಮ್ಮು ಐತ್ರಿ," ಎಂದಳು.

ಮಗಳು ಮೇಘಾಳಿಗೆ ಹನ್ನೊಂದು ವರ್ಷವಿದ್ದಾಗ ದಮ್ಮಿನ ಬೇನೆ ಹತ್ತಿತ್ತಂತೆ. ಹುಬ್ಬಳ್ಳಿಯ ದೊಡ್ಡ ಡಾಕ್ಟರರೂ ಕೈ ಚೆಲ್ಲಿದರಂತೆ. ಕೊನೆಗೆ ನಾರಾಯಣಪ್ಪ ಸಿಂಗಟಾಲೂರಿನ ಹೊಳೆದಂಡೆಯಲ್ಲಿದ್ದ ಹುಚ್ಚಪ್ಪನೆಂಬ ಮಾಟಗಾರನ ಕಾಲು ಹಿಡಿದ. ಹುಚ್ಚಪ್ಪ ಮೂರು ಮುಂಜಾವು ಹುಡುಗಿಯ ಬಾಯಿಗೆ ಬಾಟಲಿ ಹಿಡಿದು ಉಸಿರು ತುಂಬಿಸಿದ. ಮಗ್ಗದ ನೂಲಿನಿಂದ ಬಿರಡೆ ಬಿಗಿದ. ನಾಲ್ಕನೆಯ ದಿನ ಅದನ್ನು ಗಾಡಿಯ ಡೀಸಲ್ ಟಾಕಿಯಲ್ಲಿ ಬಗ್ಗಿಸಿದ. ಅಲ್ಲಿಂದ ಬೆಟಗೇರಿಗೆ ಬಂದು ಹಿತ್ತಲು ಹೊಕ್ಕ ಗಾಡಿ ಕೆಮ್ಮಿ ಕೆಮ್ಮಿ ನಿಂತಿತು. ಹುಡುಗಿ ಅಂದು ರಾತ್ರಿ ಅಂಗಾತ ಮಲಗಿ ನಿದ್ದೆ ಮಾಡಿದಳು.

"ಕೆಟ್ಟಂಗ ಇರಲಿ ಅಂದಾನ್ರಿ ಅಂವ. ಅದಕ್ಕ ಉಸಿರು ಬಂದ್ರ ಇಕಿ ಉಸಿರು ಹೋಗತೈತಿ ಅಂದಾನ."

"ನಮ್ಮವ್ವ ದ್ಯಾಮವ್ವಗ ಹರಕಿ ಹೊತ್ತು ನನ್ನ ಹಡದಾಳ್ರಿ," ದ್ಯಾಮಪ್ಪ ಬಾನೆಟ್ ಎತ್ತಿದ. "ಆ ದ್ಯಾಮವ್ವನೂ ಒಂದಿನ ನನ್ನ ಪಾನಾ ತಿರುವಾಕ ಬಂದಿಲ್ಲ. ಇಂಜಿನ್ನಿಗೆ ದಮ್ಮು ಹತ್ತಂಗಿಲ್ಲ, ತುಕ್ಕು ಹತ್ತತೈತಿ."

ಗೋಡೆಯಾಚೆ ಮಗ್ಗದ ಕೋಣೆಯಿಂದ ಹುಡುಗಿಯ ನಗು ಕೇಳಿತು. "ಕಾಕಾ, ನನ್ನ ದಮ್ಮು ಸಿಕ್ಕರ ಜ್ವಾಕ್ಯಾಗಿ ತಗದ ಇಡ್ರಿ. ಹಳೇದಕ್ಕ ಗಿರಾಕಿ ಭಾಳ ಅದಾರ ಗದಗಿನ್ಯಾಗ."

ಅದು ಮೇಘಾ. ಈಗ ಇಪ್ಪತ್ಮೂರರ ಹುಡುಗಿ.

ಮೊದಲ ಐದು ದಿನ ಕೈಗೆ ಗೊತ್ತಿದ್ದ ಕೆಲಸವೇ ಇತ್ತು. ಟಾಕಿಯ ತಳದಲ್ಲಿ ಹಳೆಯ ಡೀಸಲ್ ಕಾಕಂಬಿಯಂತೆ ಕಪ್ಪಾಗಿ ಕೂತಿತ್ತು. ಬಳಿದು ತೆಗೆದ. ಇಲಿ ತಿಂದ ವೈರು ಕಿತ್ತು ಹೊಸದು ಎಳೆದ. ಗಾಡಿಯ ಸೋರುವ ಮಾಳಿಗೆಗೆ ಡಾಂಬರು ಬಳಿದ. ಬಿಗಿದುಕೊಂಡಿದ್ದ ಪಿಸ್ಟನ್ನುಗಳಿಗೆ ಮೇಲಿನಿಂದ ಎಣ್ಣೆ ಬಿಟ್ಟು, ಎರಡು ದಿನ ನೆನೆಯಲು ಬಿಟ್ಟು, ಕಂಬಿ ಹಾಕಿ ಕೈಯಿಂದಲೇ ತಿರುವಿದ. ಮೊಣಕಾಲು ನೋಯುತ್ತಿತ್ತು. ಸೊಂಟ ಹಿಡಿಯುತ್ತಿತ್ತು. ಗಾಡಿಯಡಿ ಮಲಗಿದರೆ ಏಳುವುದೇ ಬೇಡವೆನಿಸುತ್ತಿತ್ತು. ಆ ಕತ್ತಲಲ್ಲಿ ಅವನಿಗೆ ಜೊತೆಯೆಂದರೆ ಮೇಘಾಳ ಮಗ್ಗದ ಸದ್ದು. ಖಟ್, ಖಟ್, ಲಾಳಿ ಅತ್ತಿಂದಿತ್ತ ಓಡುವ ಸದ್ದು. ಅದರ ತಾಳಕ್ಕೆ ಅವನ ಪಾನಾ ತಿರುಗುತ್ತಿತ್ತು.

ಆರನೆಯ ದಿನ ಹವಾ ತೆಗೆಯಲು ಕೂತ. ಡೀಸಲ್ ಗಾಡಿಯ ನಳಿಗೆಯಲ್ಲಿ ಹವಾ ಸೇರಿದರೆ ಇಂಜಿನ್ ಹೊತ್ತುವುದಿಲ್ಲ. ಫಿಲ್ಟರಿನ ಮೇಲಿನ ಬೋಲ್ಟು ಸಡಿಲಿಸಿ ಕೈಪಂಪು ಒತ್ತಬೇಕು. ಮೊದಲು ನೊರೆ ಬರುತ್ತದೆ. ಹತ್ತಿಪ್ಪತ್ತು ಸಲ ಒತ್ತಿದರೆ ನೊರೆ ನಿಂತು ತಿಳಿಯಾದ ಡೀಸಲ್ ಉಕ್ಕುತ್ತದೆ. ಆಗ ಬೋಲ್ಟು ಬಿಗಿಯುವುದು.

ಇಪ್ಪತ್ತು ಸಲ ಒತ್ತಿದ. ನೊರೆ. ಐವತ್ತು. ನೊರೆ. ನೂರು ದಾಟಿತು. ಪ್ರತಿ ಗುಳ್ಳೆ ಒಡೆಯುವಾಗಲೂ ಸಣ್ಣಗೆ ಸಿಳ್ಳೆಯಂಥ ಸದ್ದು. ಮಗುವಿನ ಎದೆ ಗುಂಯ್‌ಗುಟ್ಟಿದಂತೆ. ಮೂಗಿಗೆ ಡೀಸಲ್ ವಾಸನೆ ಬರಲಿಲ್ಲ. ಕರ್ಪೂರ, ನೀಲಗಿರಿ ಎಣ್ಣೆ, ಬೆವತ ಹಾಸಿಗೆ-ಕೌದಿಯ ವಾಸನೆ ಬಂತು. ಜಡ್ಡಾದವರ ಕೋಣೆಯ ವಾಸನೆ.

ಅವನು ಕೈ ನಿಲ್ಲಿಸಿದ. ಗೋಡೆಯಾಚೆ ಮಗ್ಗವೂ ನಿಂತಿತ್ತು.

"ಏನಾತವಾ?" ಎಂದು ಕೂಗಿದ.

"ಏನಿಲ್ರಿ ಕಾಕಾ, ಸ್ವಲ್ಪ ದಣಿವಾಗೇದ," ಎಂದಳು ಮೇಘಾ. ಆ ಒಂದು ಮಾತು ಆಡಲು ಎರಡು ಕಡೆ ತಡೆದಳು.

ಮರುದಿನ ಪಂಪು-ನೋಝಲ್ಲುಗಳನ್ನು ಬಿಚ್ಚಿಕೊಂಡು ಗದಗಿನ ಕುತುಬುದ್ದೀನನ ಅಂಗಡಿಗೆ ಒಯ್ದ. ಡೀಸಲ್ ಪಂಪು ತಪಾಸ ಮಾಡುವುದರಲ್ಲಿ ಅವನದು ಹಳೆಯ ಕೈ. ಕುತುಬುದ್ದೀನ ಒಂದೊಂದನ್ನೇ ಮಿಷನ್ನಿಗೆ ಹಾಕಿ ನೋಡಿ ತಲೆಯಾಡಿಸಿದ.

"ಎಲ್ಲಾ ಬರೋಬರಿ ಐತಿ. ಹವಾ ಹೋಗಾಕ ಸಂದಿನ ಇಲ್ಲ."

"ಮತ್ತ ಬರೋದು ಎಲ್ಲಿಂದಪಾ?"

"ಖರೆ ಹೇಳ್ಲಿ? ಅದು ಹೊರಗಿಂದ ಬರೂ ಹವಾ ಅಲ್ಲ. ಒಳಗ ಇದ್ದದ್ದು." ಕುತುಬುದ್ದೀನ ಕೈ ಒರೆಸಿಕೊಂಡ. "ಯಾರ ಗಾಡಿ ಇದು?"

ಹೇಳಿದ ಮೇಲೆ ಅವನು ಚಹಾ ಕೂಡ ತರಿಸಲಿಲ್ಲ. ಸಾಮಾನು ಅರಿವೆಯಲ್ಲಿ ಸುತ್ತಿಕೊಟ್ಟು ಕಳಿಸಿದ.

ಸಾಮಾನು ಮರಳಿ ಕೂಡಿಸಿ, ನೊರೆ ನಿಲ್ಲದಿದ್ದರೂ ಬೋಲ್ಟು ಬಿಗಿದ. ಆದರೂ ಬೇಸ್ತವಾರ ಬೆಳಿಗ್ಗೆ ಇಂಜಿನ್ ಹೊತ್ತಿತು. ಎಷ್ಟು ಹದವಾದ ಸದ್ದು! ದ್ಯಾಮಪ್ಪನ ದಣಿದ ಮೈಗೆ ಆ ಸದ್ದು ನೀರೆರೆದಂತಾಯಿತು. ಎರಡು ನಿಮಿಷವೂ ಆಗಿರಲಿಲ್ಲ. ಮಗ್ಗದ ಕೋಣೆಯಿಂದ ಅನ್ನವ್ವ ಚೀರಿದಳು. ಓಡಿಹೋಗಿ ನೋಡಿದರೆ ಮೇಘಾ ಮಗ್ಗದ ಕುಣಿಯಲ್ಲಿ ಕುಸಿದಿದ್ದಳು. ತುಟಿ ನೀಲಿಗಟ್ಟಿತ್ತು. ಕೊರಳಿನ ಗುಂಡಿ ಒಳಗೆ ಒಳಗೆ ಸೇದುತ್ತಿತ್ತು. ಅಜಯಕುಮಾರ ಹೋಗಿ ಇಂಜಿನ್ ಬಂದ್ ಮಾಡಿದ. ಹುಡುಗಿ ಹಾ ಎಂದು ಉಸಿರೆಳೆದಳು.

ಡಾಕ್ಟರರು ಧೂಳು, ಹೊಗೆ ಎಂದು ಬಾಯಿಗೆ ಹೊಡೆದುಕೊಳ್ಳುವ ಔಷಧ ಬರೆದುಕೊಟ್ಟರು. ದ್ಯಾಮಪ್ಪ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಿಡಿದುಕೊಳ್ಳಲು ಅವನಿಗೆ ಬೇರೆ ಏನೂ ಇರಲಿಲ್ಲ.

"ಹೊಗಿಯಿಂದ ಆಗೇತಿ ತಮ್ಮಾ," ಎಂದ ಅಜಯಕುಮಾರನಿಗೆ. "ಗಾಡಿ ಮನಿಯಿಂದ ದೂರ ಒಯ್ಯೂಣು. ಮುಂಡರಗಿ ತನಕಾ ಜಗ್ಗಿ ಓಡಿಸಿದ್ರ ನಳಗಿಯಾಗಿನ ಹವಾನೂ ಹೋಗತೈತಿ."

ಅನ್ನವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಹೋಗಬ್ಯಾಡ್ರಿ ಅಣ್ಣಾರ," ಎಂದಳು. ಅಷ್ಟೇ. ಹನ್ನೆರಡು ವರ್ಷ ಕಾವಲು ಕಾದ ಹೆಂಗಸಿಗೆ ಜಗಳವಾಡುವ ಕಸುವೂ ಉಳಿದಿರಲಿಲ್ಲ.

ಶನಿವಾರ ಇಳಿಹೊತ್ತಿಗೆ ಇಬ್ಬರೂ ಹೊರಟರು. ಡಂಬಳ ದಾಟುವ ಹೊತ್ತಿಗೆ ಕಪ್ಪತಗುಡ್ಡದ ಮೇಲೆ ಅಡ್ಡಮಳೆಯ ಮೋಡ ಕಟ್ಟಿತು. ಕೆಂಧೂಳಿನ ಗಾಳಿ ಎದ್ದು ಹಗಲೇ ಕತ್ತಲಾಯಿತು. ಗುಡ್ಡದ ಮೇಲಿನ ಕರೆಂಟಿನ ಗಾಳಿಪಂಕಗಳು ಒಂದೊಂದಾಗಿ ಮರೆಯಾದವು. ಹಿಂದಿನ ಕಪಾಟಿನ ಬಾಗಿಲು ತಾನೇ ತೆರೆದು ಬಡಿಯಿತು. ಗಾಡಿಯೊಳಗೆಲ್ಲ ಕರ್ಪೂರದ ವಾಸನೆ.

ಅಜಯಕುಮಾರನ ಫೋನು ಬಡಿದುಕೊಂಡಿತು. ಅನ್ನವ್ವನ ದನಿ.

"ನಿಂದರಸೋ ಯಪ್ಪಾ! ನನ್ನ ಕೂಸು ಹೊಂಟೈತಿ! ನಿಂದರಸ್ರೋ!"

ದ್ಯಾಮಪ್ಪ ಗಾಡಿ ಬದಿಗೆ ಹಾಕಿ ಚಾವಿ ತಿರುವಿದ. ಇಂಜಿನ್ ನಿಲ್ಲಲಿಲ್ಲ. ಬಂದ್ ಮಾಡುವ ತಂತಿ ಜಗ್ಗಿದ. ತಂತಿ ಕಿತ್ತು ಬಂತು. ಸದ್ದು ಏರಿತು.

"ಚಾವಿ ತಗೀರಿ ಮಿಸ್ತ್ರಿ!"

"ತಗದೀನಲೇ! ಕೈಯಾಗ ಐತಿ!"

ಡ್ರೈವರನ ಪಕ್ಕದ ಬಾನೆಟ್ ತೆರೆದ. ಬಿಸಿ ಮುಖಕ್ಕೆ ಬಡಿಯಿತು. ಡೀಸಲ್ ನಳಿಗೆ ಬಿಚ್ಚಿ ಎಳೆದ. ಡೀಸಲ್ ನೆಲಕ್ಕೆ ಸುರಿಯಿತು. ಆದರೂ ಇಂಜಿನ್ ಓಡುತ್ತಿತ್ತು. ಇನ್ನೂ ಜೋರಾಗಿ. ಗಾಡಿ ನಡುಗಿತು. ಗಾಜು ಬಿರಿಯಿತು. ಎಣ್ಣೆ ಇಲ್ಲದೆ ಅದು ಏನನ್ನು ಸುಡುತ್ತಿದೆ?

ಹೀಗೆ ಹುಚ್ಚೆದ್ದ ಇಂಜಿನ್ನನ್ನು ನಿಲ್ಲಿಸಲು ದಾರಿ ಒಂದೇ. ಹವಾ ಸೇದುವ ಬಾಯಿ ಮುಚ್ಚಬೇಕು. ದ್ಯಾಮಪ್ಪ ಹವಾ ಫಿಲ್ಟರು ಕಿತ್ತೆಸೆದ. ಗೋಣಿತಟ್ಟು ಮಡಚಿ ಆ ಬಾಯಿಗೆ ಒತ್ತಿದ.

ಇಂಜಿನ್ ಬಿಕ್ಕಿತು. ಫೋನಿನಲ್ಲಿ ಕೇಳುತ್ತಿದ್ದ ಹುಡುಗಿಯ ಗುಂಯ್‌ಗುಡುವ ಸದ್ದು ಪಟಕ್ಕನೆ ನಿಂತಿತು.

"ಅವ್ವಾ? ಅವ್ವಾ, ಏನಾತು?" ಅಜಯಕುಮಾರ ಕೂಗಿದ.

"ಉಸಿರ ಇಲ್ಲೋ! ಉಸಿರ ಇಲ್ಲ!"

ದ್ಯಾಮಪ್ಪ ತಟ್ಟು ತೆಗೆದ. ಇಂಜಿನ್ ಬೊಬ್ಬಿಟ್ಟಿತು. ಆಚೆ ನೂಲಿನೆಳೆಯಷ್ಟು ಉಸಿರು ಬಂತು. ಮತ್ತೆ ಮುಚ್ಚಿದ. ಆಚೆ ಸದ್ದಿಲ್ಲ. ತೆಗೆದ. ನೂಲು ಇನ್ನೂ ಸಣ್ಣದಾಗಿತ್ತು.

ಓಡಿದರೂ ಸಾವು. ಕಟ್ಟಿದರೂ ಸಾವು.

ಮೂವತ್ತಾರು ವರ್ಷದ ರೂಢಿ ಕೈಯನ್ನು ಬಿಟ್ಟಿರಲಿಲ್ಲ. ಯಾವ ಸಾಮಾನು ಕೆಟ್ಟಿದೆಯೆಂದು ತಿಳಿಯದಿದ್ದಾಗ ಮಿಸ್ತ್ರಿಗಳು ಇನ್ನೊಂದು ಗಾಡಿಯ ಒಳ್ಳೆಯ ಸಾಮಾನು ಬಿಚ್ಚಿ ತಂದು ಅಲ್ಲಿ ಕೂಡಿಸಿ ನೋಡುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು. ಇದಕ್ಕೆ ಬೇಕಾದದ್ದು ಉಸಿರು. ಹುಡುಗಿಯದೇ ಆಗಬೇಕೆಂದೇನಿದೆ?

ಹೆಚ್ಚು ವಿಚಾರ ಮಾಡಲಿಲ್ಲ. ಬಾಗಿದ. ಹವಾ ಸೇದುವ ಕಾದ ನಳಿಗೆಗೆ ಬಾಯಿ ಹಚ್ಚಿದ. ತುಟಿ ಚುರ್ರೆಂದಿತು. ಎದೆಯಲ್ಲಿದ್ದುದನ್ನೆಲ್ಲ ಊದಿದ.

ಅದು ಸೇದಿತು. ಕಾಯುತ್ತಿತ್ತೆಂಬಂತೆ ಸೇದಿತು. ಒಂದು ಉಸಿರು. ಎರಡು. ತುಟಿ ಬಿಡಿಸಿಕೊಳ್ಳಲು ಹೋದ. ಬಿಡಲಿಲ್ಲ. ಮೂರು. ಎದೆಗೂಡಿನ ಎಲುಬು ಒಂದಕ್ಕೊಂದು ಹತ್ತಿದವು. ಕಣ್ಣು ಕಪ್ಪಾಯಿತು. ಕಿವಿಯಲ್ಲಿ ಸಿಳ್ಳೆ. ಮಗುವಿನ ಸಿಳ್ಳೆ. ಅದು ಈಗ ಹೊರಗಿರಲಿಲ್ಲ. ತನ್ನೊಳಗೇ ಇತ್ತು.

ಇಂಜಿನ್ ಸದ್ದು ಇಳಿಯಿತು. ಇಳಿಯಿತು. ನಿಂತಿತು.

ಮಳೆಯ ದಪ್ಪ ಹನಿ ಮಾಳಿಗೆಯ ಮೇಲೆ ಬಿದ್ದವು. ಫೋನಿನಲ್ಲಿ ಯಾರೋ ಅಳುತ್ತಿದ್ದರು. ಆಮೇಲೆ ಮೇಘಾಳ ದನಿ, ಸಣ್ಣದು, ತಡೆಯಿಲ್ಲದ್ದು: "ಅವ್ವಾ, ನೀರ ಕೊಡ."

ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಬೆಟಗೇರಿಗೆ ಎಳೆದು ತಂದರು. ದ್ಯಾಮಪ್ಪನನ್ನು ಒಳಗಿನ ಮಂಚದ ಮೇಲೆ ಕೂರಿಸಿ ತಂದರು. ಮಲಗಲು ಅವನಿಗೆ ಬರುತ್ತಿರಲಿಲ್ಲ.

ಎಂಟು ದಿನ ಕಳೆದು ಊರಿಗೆಂದು ಬಸ್ಸು ಹತ್ತಿದ. ಶಿರಹಟ್ಟಿಯ ಹತ್ತಿರ ಬರುವಷ್ಟರಲ್ಲಿ ಎದೆಯ ಕದ ಯಾರೋ ಹೊರಗಿನಿಂದ ಹಾಕಿದಂತಾಯಿತು. ಜನ ಇಳಿಸಿ ಗಾಳಿ ಬೀಸಿದರು. ಹಿಂದಕ್ಕೆ ಬರುವ ಬಸ್ಸಿನಲ್ಲಿ ಕೂತೊಡನೆ ಕದ ತೆರೆಯಿತು. ಇನ್ನೊಮ್ಮೆ ಹಟ ಹಿಡಿದು ಲಕ್ಷ್ಮೇಶ್ವರದ ತನಕ ಹೋದ. ಅಲ್ಲಿಂದ ಅವನನ್ನು ಹೊತ್ತು ತರಬೇಕಾಯಿತು. ಆಮೇಲೆ ಹಟ ಬಿಟ್ಟ. ಮಗಳಿಗೆ ಫೋನು ಮಾಡಿ, ಕೆಲಸ ಇನ್ನೂ ಮುಗಿದಿಲ್ಲವೆಂದ. ಗಾಡಿಯಲ್ಲೇ ಇರತೊಡಗಿದ. ಒಲೆ, ಮಂಚ, ನೀರಿನ ಟಾಕಿ ಎಲ್ಲ ನಾರಾಯಣಪ್ಪ ಕೂಡಿಸಿಟ್ಟದ್ದೇ ಇತ್ತು. ಒಬ್ಬನಿಗೆ ಸಾಕು.

ಅನ್ನವ್ವ ದಿನವೂ ರೊಟ್ಟಿ ತಂದಿಡುತ್ತಿದ್ದಳು. ನಾ ಹೇಳಿದ್ದೆ ಎಂದು ಒಂದು ದಿನವೂ ಅನ್ನಲಿಲ್ಲ. ಒಂದು ಸಂಜೆ ಅವನೇ ಮಾತು ತೆಗೆದ. ನಾಲ್ಕು ಶಬ್ದಕ್ಕೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಹೇಳಿದ.

"ಅಕ್ಕಾರ, ಹುಡುಗಿನ್ನ ದೂರ ಕಳಸ್ರಿ. ನನಗ ಐವತ್ತೆಂಟು ಆಗ್ಯಾವ. ನಾ ಸತ್ತ ಮ್ಯಾಲ ಈ ಗಾಡಿ ಗುರುತು ಇದ್ದವ್ರ ಉಸಿರು ಹುಡುಕತೈತಿ."

"ನಿಮ್ಮನ್ನ ಹಿಂಗ ಬಿಟ್ಟು ಹೆಂಗ ಹೋಗೋದ್ರಿ ಅಣ್ಣಾರ?"

"ಅಜಯಗ ಇಷ್ಟ ಹೇಳ್ರಿ. ಯಾರರ ಮಿಸ್ತ್ರಿ ಬಂದ್ರ ಚಹಾ ಕುಡಸಿ ಕಳಸು ಅಂತ." ನಗಲು ನೋಡಿದ. ಅದು ಕೆಮ್ಮಾಯಿತು.

ಮೇಘಾ ನೇಯುತ್ತಿದ್ದ ಸೀರೆ ಮುಗಿಸಿದಳು. ಗಾಡಿಯ ಮೆಟ್ಟಿಲ ಬಳಿ ಬಂದು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಅವನು ಕೈ ಎತ್ತಿ, ಬೇಡ, ಹೋಗು ಎಂದು ಸನ್ನೆ ಮಾಡಿದ. ಅವಳು ಕಾಲು ಮುಟ್ಟಿ ನಮಸ್ಕರಿಸಿ ಹೋದಳು.

ಕಾರಹುಣ್ಣಿಮೆ ಕಳೆದ ಮೂರನೆಯ ದಿನ, ಸೋಮವಾರ, ಬೆಳಗಿನ ಬಸ್ಸಿಗೆ ಮೇಘಾ ಗುಳೇದಗುಡ್ಡದ ಚಿಕ್ಕವ್ವನ ಮನೆಗೆ ಹೋದಳು. ಅನ್ನವ್ವನೂ ಅವಳ ಸಂಗಡ ಹೋದಳು. ದ್ಯಾಮಪ್ಪ ಹೋಗಲಿಲ್ಲ.