ಎಲ್ಲಾ ನಿಮ್ಮ ದಯೆ

"ನಿಲ್ಲಿಸೋ ಕಾರು!"

ನಿಲ್ಲಿಸಲಿಲ್ಲ. ಸ್ವೀಡನ್ನಿನ ಓರೆಬ್ರೂ ಊರು ದಾಟಿದ ಹೈವೇ... ಮುಂದೆ ಮರದ ದಿಮ್ಮಿ ತುಂಬಿದ ಲಾರಿ. ಸ್ಟಿಯರಿಂಗ್ ಹಿಡಿದವನು ನಂದಕುಮಾರ, ಕೊಮ್ಮೂನ್, ಅಂದರೆ ಇಲ್ಲಿನ ನಗರಸಭೆಯ, ಎಲೆಕ್ಷನ್ನಿಗೆ ನಿಂತ ನಮ್ಮ ಕನ್ನಡದವನು. ಮಾತಾಡಬೇಕೆಂದು ನಾನೇ ಅವನ ಕಾರು ಹತ್ತಿದ್ದೆ.

"ಈ ವಿಷಯ ಇಲ್ಲಿಗೇ ಬಿಡ್ತೀನಿ ಅನ್ನಿ, ಆಸ್ಟಿನ್ ಅಂಕಲ್! ಇಲ್ಲಾಂದ್ರೆ ಇಬ್ರೂ ಲಾರಿ ಕೆಳಗೆ!"

"ಗುದ್ದು ಮಾರಾಯ. ಮಂಡಿನೋವಾದ್ರೂ ಮುಗೀತದೆ."

ಕೊನೇ ಕ್ಷಣದಲ್ಲಿ ಲೇನ್ ಬದಲಿಸಿದ. ಲಾರಿಯ ಹಾರ್ನ್ ಕಿವಿಗೆ ಬಡಿಯಿತು.

ವಿಷಯ ಇಷ್ಟೇ ನೋಡಿ. ನನ್ನ ಗೆಳೆಯ ಬೇಸಿಲ್‌ನ ಮಗಳು ವೆನಿಸಾಗೆ ಸರ್ಕಾರಿ ಆಫೀಸಿನಲ್ಲಿ ಪರ್ಮನೆಂಟ್ ಕೆಲಸ ಸಿಕ್ಕಿತ್ತು. ಸ್ವೀಡಿಷ್ ಕಲಿತು, ಇಂಟರ್‌ವ್ಯೂ ಕೊಟ್ಟು ಗಿಟ್ಟಿಸಿದ್ದು! ಗಣೇಶನ ಹಬ್ಬದ ಊಟದಲ್ಲಿ ನಂದಕುಮಾರ "ಕಂಗ್ರಾಟ್ಸ್" ಎಂದ. ಬೇಸಿಲ್ ಕೈಮುಗಿದು, "ಎಲ್ಲಾ ನಿಮ್ಮ ದಯೆ!" ಎಂದುಬಿಟ್ಟ.

ನಾವು ಬಸ್ ಕಂಡಕ್ಟರಿಗೂ ಹೇಳುವ ಮಾತು!

ನಂದಕುಮಾರ ಅದನ್ನೇ ಹಿಡಿದ. "ಆ ಕೆಲಸ ನಾನೇ ಕೊಡಿಸಿದ್ದು. ವೋಟ್ ಹಾಕಿ, ನಿಮಗೂ ಕೊಡಿಸ್ತೀನಿ" ಎಂದು ಮನೆಮನೆ ತಿರುಗಿದ. ಅದೇ ಕೆಲಸಕ್ಕೆ ಅರ್ಜಿ ಹಾಕಿ ಸಿಗದೆ ಹೋದ ಇನ್ನೊಬ್ಬಳ ಕಿವಿಗೂ ಬಿತ್ತು. ಅವಳು ಅಪೀಲ್ ಹಾಕಿದಳು. ಅದರಲ್ಲಿ ಬೇಸಿಲ್‌ನ ಮಾತು ಸ್ವೀಡಿಷ್‌ಗೆ ತರ್ಜುಮೆಯಾಗಿ, "ರಾಜಕಾರಣಿಯ ಕೃಪೆಯಿಂದ ಸಿಕ್ಕ ಕೆಲಸ" ಎಂದಾಯಿತು!

ವೆನಿಸಾಳ ಕೆಲಸ ತೂಗಾಡತೊಡಗಿತು. ಬೇಸಿಲ್ ನನ್ನ ಬಳಿ ಬಂದು ಅತ್ತ. ನಮ್ಮವರ ಇಂಥ ಎಡವಟ್ಟುಗಳನ್ನು ರಿಪೇರಿ ಮಾಡಿ ಮಾಡಿ ನನಗೂ ಸಾಕಾಗಿತ್ತು...

"ನಾನು ಕೊಡಿಸಿಲ್ಲ ಅಂತ ಆಫೀಸಿಗೆ ಫೋನ್ ಮಾಡಿ ಹೇಳು," ಎಂದೆ ಕಾರಿನಲ್ಲಿ ನಂದಕುಮಾರನಿಗೆ.

"ಹೇಳಿದ್ರೆ ನಂಗೆ ಯಾರ್ರೀ ವೋಟ್ ಹಾಕ್ತಾರೆ?"

"ನಿನ್ನ ಭಾಮೈದ ಅವಿನಾಶನೂ ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದನಲ್ಲ?"

ಸ್ಪೀಡು ಇಳಿಯಿತು.

"ಯಾರು ಹೇಳಿದ್ದು?"

"ಆಫೀಸಿನವ್ರೇ! ಸರ್ಕಾರಿ ಕೆಲಸಕ್ಕೆ ಯಾರ್ಯಾರು ಅರ್ಜಿ ಹಾಕಿದ್ರು ಅಂತ ಈ ದೇಶದಲ್ಲಿ ಯಾರು ಕೇಳಿದ್ರೂ ಹೇಳ್ತಾರೆ. ಪಾಪ, ಇಂಟರ್‌ವ್ಯೂಗೂ ಕರೀಲಿಲ್ಲವಂತೆ. ಬೇಸಿಲ್ ಮಗಳಿಗೆ ಕೊಡಿಸಿದವ ನೀನು, ಹೆಂಡ್ತಿ ಪದ್ಮಿನಿಯ ಸ್ವಂತ ತಮ್ಮನಿಗೆ ಯಾಕೆ ಕೊಡಿಸ್ಲಿಲ್ಲ? ಅವಳ ಹತ್ರಾನೇ ಕೇಳ್ಲಾ?"

ಕಾರು ನಿಂತಿತು!

"ಅಂಕಲ್... ಪ್ಲೀಸ್. ಅವಳಿಗೆ ಹೇಳೋದು ಬೇಡ."

ಆಫೀಸಿನ ಮುಖ್ಯಸ್ಥೆಗೆ ಫೋನ್ ಮಾಡಿಸಿದೆ. ಸ್ಪೀಕರ್ ಹಾಕಿಸಿದೆ. ಬೆವರುತ್ತಲೇ ಸ್ವೀಡಿಷ್‌ನಲ್ಲಿ ಹೇಳಿದ: ನಾನು ಹೇಳಿದ್ದು ಸುಳ್ಳು, ನಿಮ್ಮ ಆಫೀಸಿನಲ್ಲಿ ನನ್ನ ಮಾತು ಯಾವತ್ತೂ ನಡೆದಿಲ್ಲ.

"ಅದು ನಮಗೆ ಗೊತ್ತು," ಎಂದಳು ಆಕೆ. "ಆದರೂ ಬರೆದುಕೊಳ್ಳುತ್ತೇನೆ."

ಅಪೀಲ್ ಬಿದ್ದುಹೋಯಿತು. ವೆನಿಸಾಳ ಕೆಲಸ ಉಳಿಯಿತು.

ಎಲೆಕ್ಷನ್ ದಿನ ನಾನು ನಂದಕುಮಾರನಿಗೇ ವೋಟ್ ಹಾಕಿದೆ. ತನ್ನ ಕೈಲಿ ಏನೂ ಆಗುವುದಿಲ್ಲ ಎಂದು ಒಪ್ಪಿಕೊಂಡ ರಾಜಕಾರಣಿ ಈ ಜನ್ಮದಲ್ಲಿ ನನಗೆ ಇನ್ನೊಬ್ಬ ಸಿಕ್ಕಿಲ್ಲ!